ಸಾಕಿ ಕೈಬಿಟ್ಟವುಗಳ ಇತಿಹಾಸ



ನಾಗರ ಪಂಚಮಿ ಬಂದಾಗಲೆಲ್ಲ ನನಗೆ ನಮ್ಮ ಆಯಿಯ ನೆನಪಾಗುತ್ತದೆ. ಚಿತ್ತಾಪುರ ತಾಲ್ಲೂಕಿನ ನಮ್ಮ ಹಳ್ಳಿಗೆ, ಹೆಸರಿನಲ್ಲೇ ನಾಗನನ್ನು ಹೊತ್ತ ನಾಗಾವಿ ದೂರವೇನೂ ಇರಲಿಲ್ಲ. ಹೊಲದ ಬದುವಿನ ಹುತ್ತಕ್ಕೆ ಹಾಲೆರೆದು, ಅಳ್ಳು ಉಂಡಿಗಳನ್ನು ನೈವೇದ್ಯ ಮಾಡಿ ಹಿಂದಿರುಗುವಾಗ, ಹುತ್ತದೊಳಗೆ ಇಣುಕಲು ಹವಣಿಸುತ್ತಿದ್ದ ನಮ್ಮನ್ನು ಆಕೆ ಹಿಂದಕ್ಕೆಳೆದು, "ಅದರ ಮನಿ ಅದಕ್ಕ, ನಮ್ಮ ಮನಿ ನಮಗ. ದೂರ ಸರೀರಿ" ಎನ್ನುತ್ತಿದ್ದಳು. ಆ ಮಾತಿನಲ್ಲಿ ಭಯವಿತ್ತು, ಭಕ್ತಿಯಿತ್ತು. ಅವೆರಡಕ್ಕಿಂತ ಹೆಚ್ಚಾಗಿ ಒಂದು ವಿವೇಕವಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಈ ಲೇಖನಕ್ಕೆ ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ವಾಡಿಯ ಸಿಮೆಂಟ್ ಕಾರ್ಖಾನೆಯ ಕಾಲೊನಿಯಲ್ಲಿ ಬೆಳೆದ ಹುಡುಗ, ಈಗ ಅಮೆರಿಕದ ಫ್ಲೋರಿಡಾದಲ್ಲಿದ್ದಾನೆ. ಪಂಚಮಿಯ ದಿನ ಫೋನ್ ಮಾಡಿ, "ಸರ್, ನಮ್ಮ ಕಡೆ ಹಾವಿಗಿ ಕೈ ಮುಗೀತಾರ, ಇಲ್ಲಿ ಹಾವು ಹಿಡಿದವರಿಗಿ ಬಹುಮಾನ ಕೊಡ್ತಾರ್ರಿ. ಅದೂ ನಮ್ಮ ಏಷ್ಯಾದ ಹಾವು!" ಎಂದ. ಇತಿಹಾಸದ ಮೇಷ್ಟ್ರಿಗೆ ಇಷ್ಟು ಹೇಳಿದರೆ ಸಾಕಲ್ಲವೇ? ಅಂದಿನಿಂದ ಆ ಹಾವಿನ ಹಿಂದೆ ಬಿದ್ದೆ.

ಬರ್ಮಾ ಹೆಬ್ಬಾವು ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಪ್ರಾಣಿ. ಭಾರತದಲ್ಲಿ ಈಶಾನ್ಯ ರಾಜ್ಯಗಳ ಕಡೆ ಇದೆ. ನಮ್ಮ ಚಿಂಚೋಳಿಯಂತಹ ಕಾಡುಗಳ ಭಾರತೀಯ ಹೆಬ್ಬಾವಿಗೆ ಹತ್ತಿರದ ಸಂಬಂಧಿ. ಮರಿಯಾಗಿದ್ದಾಗ ನೋಡಲು ಬಲು ಚಂದ, ಸ್ವಭಾವವೂ ಸೌಮ್ಯ. ಅಮೆರಿಕದ ಜನ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಷೋಕಿ ಬೆಳೆಸಿಕೊಂಡರು. 1996ರಿಂದ 2006ರವರೆಗಿನ ಅವಧಿಯಲ್ಲೇ ಸುಮಾರು 99 ಸಾವಿರ ಹೆಬ್ಬಾವುಗಳು ಆ ದೇಶಕ್ಕೆ ಆಮದಾದವು. ಆದರೆ ಅಂಗೈಯಲ್ಲಿ ಹಿಡಿಸಿದ ಮರಿ ಕೆಲವೇ ವರ್ಷಗಳಲ್ಲಿ ಹತ್ತು ಹನ್ನೆರಡು ಅಡಿಯಾಗುತ್ತದೆ. ಇಲಿ ಸಾಲದೆ ಮೊಲ ಬೇಡುತ್ತದೆ. ಸಾಕಿದವರಿಗೆ ಬೇಸರ ಬಂತು. ಕೊಲ್ಲಲು ಮನಸ್ಸು ಬಾರದೆ, ರಾತ್ರಿ ಹೊತ್ತು ಕಾರಿನಲ್ಲಿ ಒಯ್ದು ಎವರ್‌ಗ್ಲೇಡ್ಸ್ ಎಂಬ ವಿಶಾಲವಾದ ಜೌಗು ಪ್ರದೇಶದಲ್ಲಿ ಬಿಟ್ಟುಬಂದರು. ಅಲ್ಲಿ ಈ ಹಾವು ಮೊದಲು ಕಂಡದ್ದು 1979ರಲ್ಲಿ. 1992ರ ಆಂಡ್ರ್ಯೂ ಚಂಡಮಾರುತವು ಹಾವುಗಳ ಸಾಕಣೆ ಕೇಂದ್ರವೊಂದನ್ನು ಧ್ವಂಸಮಾಡಿದಾಗ ಇನ್ನಷ್ಟು ಹೊರಬಿದ್ದವು. 2000ದ ಹೊತ್ತಿಗೆ ಅವು ಅಲ್ಲಿಯೇ ಮರಿಮಾಡಿ ನೆಲೆಯೂರಿವೆ ಎಂಬುದು ಖಚಿತವಾಯಿತು.

ಮುಂದಿನದು ಮನಸ್ಸಿಗೆ ನೋವು ತರುವ ಅಧ್ಯಾಯ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಾವುಗಳು ಬಹುಕಾಲದಿಂದ ನೆಲೆಸಿದ ಭಾಗದಲ್ಲಿ ರಕೂನ್ ಎಂಬ ಪ್ರಾಣಿ ಕಣ್ಣಿಗೆ ಬೀಳುವುದು ಶೇಕಡಾ 99ರಷ್ಟು ಕಡಿಮೆಯಾಗಿದೆಯೆಂದು ತೋರಿಸಿತು. ಕಾಡುಬೆಕ್ಕಿನ ಜಾತಿಯ ಬಾಬ್‌ಕ್ಯಾಟ್ ಶೇಕಡಾ 87ರಷ್ಟು ಇಳಿದಿತ್ತು. ಅದೇ ವರ್ಷ ಹಿಡಿದ 17 ಅಡಿಗೂ ಮೀರಿದ ಹೆಣ್ಣು ಹಾವೊಂದರ ಹೊಟ್ಟೆಯಲ್ಲಿ 87 ಮೊಟ್ಟೆಗಳಿದ್ದವು. ಆ ವರ್ಷವೇ ಸರ್ಕಾರ ಆಮದನ್ನು ನಿಷೇಧಿಸಿತು. ಹಾವು ಹುತ್ತ ಸೇರಿದ ಮೇಲೆ ಬಾಗಿಲು ಮುಚ್ಚಿದಂತಾಯಿತು.

ಈ ಕಥೆಯಲ್ಲಿ ನಮ್ಮವರೂ ಬರುತ್ತಾರೆ. 2013ರಲ್ಲಿ ಫ್ಲೋರಿಡಾ ಸರ್ಕಾರ ಹಾವು ಹಿಡಿಯುವ ಸ್ಪರ್ಧೆ ಏರ್ಪಡಿಸಿದಾಗ ಸುಮಾರು 1,600 ಜನ ಒಂದು ತಿಂಗಳು ಹುಡುಕಿ ಹಿಡಿದದ್ದು ಕೇವಲ 68 ಹಾವುಗಳನ್ನು. 2017ರ ಆರಂಭದಲ್ಲಿ ತಮಿಳುನಾಡಿನ ಇರುಳ ಸಮುದಾಯದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಎಂಬಿಬ್ಬರನ್ನು ಅಲ್ಲಿಗೆ ಕರೆಸಿದರು. ನೆಲದ ಗೆರೆ, ಹುಲ್ಲಿನ ಬಾಗು, ಹಿಕ್ಕೆಯ ಗುರುತುಗಳನ್ನು ಓದಬಲ್ಲ ಈ ಜಾಣರು ಮೊದಲ ಎಂಟೇ ದಿನಗಳಲ್ಲಿ 13 ಹೆಬ್ಬಾವುಗಳನ್ನು ಹಿಡಿದರು. ಅವುಗಳಲ್ಲೊಂದು ಹಳೆಯ ಕ್ಷಿಪಣಿ ನೆಲೆಯಲ್ಲಿ ಅಡಗಿದ್ದ 16 ಅಡಿಯ ಹೆಣ್ಣು ಹಾವು. ಒಂದು ಕಾಲದಲ್ಲಿ ಹಾವಿನ ಚರ್ಮಕ್ಕಾಗಿ ಬೇಟೆಯಾಡುತ್ತಿದ್ದ ಇರುಳರು, 1972ರ ವನ್ಯಜೀವಿ ಕಾಯ್ದೆಯ ನಂತರ ಆ ಕಸುಬನ್ನು ಕಳೆದುಕೊಂಡು, 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು, ವಿಷ ತೆಗೆದ ಮೇಲೆ ಹಾವನ್ನು ಕಾಡಿಗೇ ಬಿಡುವ ವೃತ್ತಿಗೆ ತಿರುಗಿದವರು. ಹಾವು ಕಡಿದವರಿಗೆ ಕೊಡುವ ಔಷಧಕ್ಕೆ ಆ ವಿಷವೇ ಆಧಾರ. ಇವರಿಬ್ಬರಿಗೂ 2023ರಲ್ಲಿ ಪದ್ಮಶ್ರೀ ದೊರೆಯಿತು. ಶಾಲೆಯ ಮೆಟ್ಟಿಲು ಹತ್ತದವರ ವಿದ್ಯೆಯನ್ನು ವಿಶ್ವವಿದ್ಯಾಲಯವೊಂದು ಕೈಮುಗಿದು ಕರೆಸಿಕೊಂಡ ಈ ಪ್ರಸಂಗವನ್ನು ಓದಿದಾಗ ಮೇಷ್ಟ್ರಾದ ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು.

"ಅದು ಅಮೆರಿಕದ ಷೋಕಿ, ನಮಗೇನು?" ಎಂದು ನೀವು ಕೇಳಬಹುದು. 2023ರ ಜನವರಿಯಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 18 ಪ್ರಾಣಿಗಳನ್ನು ಹಿಡಿದು, ಅದರ ಜಾಡಿನಲ್ಲಿ ತೋಟದ ಮನೆಯೊಂದನ್ನು ಶೋಧಿಸಿದಾಗ ಮತ್ತೆ 139 ಪ್ರಾಣಿಗಳು ಸಿಕ್ಕವು. ದಕ್ಷಿಣ ಅಮೆರಿಕದ ಅನಕೊಂಡಗಳು, ಆಫ್ರಿಕದ ಬಾಲ್ ಹೆಬ್ಬಾವುಗಳು, ಇಗ್ವಾನಾಗಳು! ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಗಳಲ್ಲಿ 55 ಬಾಲ್ ಹೆಬ್ಬಾವುಗಳು, 17 ಕಾಳಿಂಗ ಸರ್ಪಗಳು, ಜೊತೆಗೆ ಉಸಿರು ಕಳೆದುಕೊಂಡ 6 ಕಪುಚಿನ್ ಮಂಗಗಳು. 2024ರ ಏಪ್ರಿಲ್‌ನಲ್ಲಿ ಮತ್ತೊಬ್ಬ ಪ್ರಯಾಣಿಕನ ಸಾಮಾನಿನಲ್ಲಿ 10 ಹಳದಿ ಅನಕೊಂಡಗಳು. ಸತ್ತ ಆ ಆರು ಮಂಗಗಳ ವಿಷಯ ಓದಿದ ದಿನ ನನಗೆ ಊಟ ಸೇರಲಿಲ್ಲ.

ಇದು ಹೀಗೆ ಬೆಳೆಯಲು ಕಾಯ್ದೆಯ ಒಂದು ಕೊರತೆಯೂ ಕಾರಣ. 1972ರ ಕಾಯ್ದೆ ನಮ್ಮ ದೇಶದ ಪ್ರಾಣಿಗಳನ್ನು ರಕ್ಷಿಸಿತು. ಮನೆಯ ಪಂಜರದಲ್ಲಿ ಗಿಳಿ ಸಾಕುವುದೂ ಅದರಂತೆ ಅಪರಾಧವೇ. ಆದರೆ ವಿದೇಶದ ಪ್ರಾಣಿ ಒಮ್ಮೆ ಗಡಿ ದಾಟಿ ಒಳಬಂದರೆ, ಅದನ್ನು ಸಾಕಿದವನನ್ನು ಆ ಕಾಯ್ದೆ ಕೇಳುತ್ತಿರಲಿಲ್ಲ. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ, ಇಂತಹ ಪ್ರಾಣಿಗಳಿದ್ದರೆ ಆರು ತಿಂಗಳೊಳಗೆ ತಾವಾಗಿಯೇ ತಿಳಿಸಿರಿ, ದಾಖಲೆ ಕೇಳುವುದಿಲ್ಲ ಎಂದಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು; 2024ರ ಫೆಬ್ರವರಿಯ ನಿಯಮಗಳು ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳ ನೋಂದಣಿಯನ್ನು ಕಡ್ಡಾಯ ಮಾಡಿದವು.

ಆದರೆ ಬಂಧುಗಳೇ, ದೂರದಿಂದ ತಂದು ಬಿಟ್ಟದ್ದು ಬೇರೂರಿ ಹಬ್ಬುವ ಪಾಠವನ್ನು ಕಲಿಯಲು ನಾವು ಬೆಂಗಳೂರಿಗೂ ಹೋಗಬೇಕಿಲ್ಲ. ಶಹಾಬಾದಿನ ಪಾಳುಬಿದ್ದ ಪರಸಿ ಕಲ್ಲಿನ ಗಣಿಗಳ ಅಂಚಿನಲ್ಲಿ, ವಾಡಿಯ ರೈಲು ಹಳಿಯ ಪಕ್ಕದಲ್ಲಿ ನಿಂತಿರುವ ಬಳ್ಳಾರಿ ಜಾಲಿಯನ್ನು ನೋಡಿರಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಗಿಡದ ಬೀಜವನ್ನು ಉರುವಲಿಗೆ ಆದೀತೆಂದು 1877ರ ಸುಮಾರಿಗೆ ಜಮೈಕಾದಿಂದ ತರಿಸಿದರು. ಇಂದು ಅದು ಹಳ್ಳಕೊಳ್ಳಗಳನ್ನೇ ನುಂಗಿದೆ. ಹೊಲದ ಕಾಂಗ್ರೆಸ್ ಕಸವೂ ಅಷ್ಟೇ. ಅಮೆರಿಕದ ಗೋಧಿಯ ಜೊತೆ ಬಂದದ್ದೆನ್ನುವ ಅದು, 1955ರಲ್ಲಿ ಪುಣೆಯ ಕಡೆ ಕಣ್ಣಿಗೆ ಬಿದ್ದದ್ದು, ಈಗ ಇಲ್ಲದ ಬದುವಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ.

ಸುಮಾರು ಹದಿನೈದು ವರ್ಷಗಳ ಹಿಂದೆ ನನ್ನ ತಮ್ಮನ ಮಗ ಹೈದರಾಬಾದಿನಿಂದ ಸೇಡಂಗೆ ಬಂದಾಗ ಬಕೀಟಿನಲ್ಲಿ ಎರಡು ಆಮೆಗಳನ್ನು ತಂದಿದ್ದ. ಕೊಂಡಾಗ ರೂಪಾಯಿ ನಾಣ್ಯದಷ್ಟಿದ್ದವಂತೆ; ಈಗ ಊಟದ ತಟ್ಟೆಯಷ್ಟಾಗಿ, ತೊಟ್ಟಿಯ ನೀರು ನಾರುತ್ತಿತ್ತು. "ಕಾಕಾ, ಇವನ್ನ ಕಾಗಿಣಾಕ್ಕ ಬಿಡೋಣ್ರಿ, ಅವಕ್ಕೂ ಸುಖ, ನಮಗೂ ಪುಣ್ಯ" ಎಂದ. ನನಗೂ ಅದು ಸರಿಯೆನಿಸಿತು. ಎಲ್ಲರೂ ಮಳಖೇಡಕ್ಕೆ ಹೋಗಿ, ಕೋಟೆ ನೋಡಿ, ರಾಷ್ಟ್ರಕೂಟರ ಕಥೆ ಹೇಳಿ, ಹೊಳೆಯ ದಂಡೆಯಲ್ಲಿ ಅವನ್ನು ಬಿಟ್ಟೆವು. ಅವನ ಮಗಳು, ಆಗ ಆರು ವರ್ಷದ ಕೂಸು, "ಮುತ್ಯಾ, ಇದು ಅವುಗಳ ಮನಿ ಏನು?" ಎಂದು ಕೇಳಿತು. "ನೀರಿದ್ದಲ್ಲಿ ಎಲ್ಲಾ ಆಮೀ ಮನೀನೇ ಅವ್ವಾ" ಎಂದು ಉತ್ತರಿಸಿದೆ.

ಕೆಲವು ವರ್ಷಗಳ ನಂತರ ಪತ್ರಿಕೆಯೊಂದರಲ್ಲಿ ಚಿತ್ರ ನೋಡಿದೆ. ಕಣ್ಣಿನ ಹಿಂದೆ ಅದೇ ಕೆಂಪು ಪಟ್ಟೆ. ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಕೆಂಪುಕಿವಿ ಆಮೆ! ಜಗತ್ತಿನ ಅತಿ ಕೆಡುಕಿನ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಒಂದು. ಹತ್ತಾರು ವರ್ಷ ಬದುಕುತ್ತದೆ. ಸ್ಥಳೀಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಕಸಿದುಕೊಳ್ಳುತ್ತದೆ. ಅದರ ಮೈಮೇಲಿನ ಸೂಕ್ಷ್ಮಾಣುಗಳು ಮಕ್ಕಳಿಗೆ ರೋಗ ತರುತ್ತವೆಂದು ಅಮೆರಿಕವೇ 1975ರಲ್ಲಿ ಸಣ್ಣ ಆಮೆಮರಿಗಳ ಮಾರಾಟ ನಿಲ್ಲಿಸಿತ್ತು. ಕಾಗಿಣಾ ಭೀಮೆಯನ್ನು ಸೇರುತ್ತದೆ, ಭೀಮೆ ಕೃಷ್ಣೆಯನ್ನು. ಕೆಳಗೆ ಆಂಧ್ರದಲ್ಲಿ ಇದೇ ಕೃಷ್ಣೆಯ ಮೀನುಗಾರರ ಬಲೆಯನ್ನು, ಯಾರದೋ ಗಾಜಿನ ತೊಟ್ಟಿಯಿಂದ ಬಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹರಿಯುತ್ತಿದೆ.

ಆ ಎರಡು ಆಮೆಗಳು ಏನಾದವೋ ದೇವರೇ ಬಲ್ಲ. ಬಹುಶಃ ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಸತ್ತಿರಬಹುದು. ಹಾಗಾಗಿದ್ದರೆ ಅದು ನಾನು ಮಾಡಿದ ಹಿಂಸೆ. ಬದುಕಿದ್ದರೆ ಅದೂ ನನ್ನಿಂದಾದ ಕೇಡು. ಪುಣ್ಯವಂತೂ ಎರಡರಲ್ಲಿಯೂ ಇಲ್ಲ. ಎವರ್‌ಗ್ಲೇಡ್ಸಿನ ದಂಡೆಗೆ ಹೆಬ್ಬಾವನ್ನು ಒಯ್ದವನೂ ದುಷ್ಟನಲ್ಲ. ನನ್ನಂತೆಯೇ, ಕೊಲ್ಲಲಾರದ, ಸಾಕಲಾರದ ಮನುಷ್ಯ. ಇತಿಹಾಸದ ಎಷ್ಟೋ ಅನಾಹುತಗಳು ಇಂತಹ ಸಾಧಾರಣ ಮನುಷ್ಯರ ಕೈಯಿಂದಲೇ ಆಗಿವೆ ಎಂದು ಮೂವತ್ತು ವರ್ಷ ಪಾಠ ಹೇಳಿದವನು, ಹೊಳೆಯ ದಂಡೆಯಲ್ಲಿ ನಿಂತಾಗ ಅದನ್ನೇ ಮರೆತೆ.

ನಮ್ಮ ಕಡೆ ದೊಡ್ಡ ಹಾವುಗಳ ಷೋಕಿ ಇನ್ನೂ ಬಂದಿಲ್ಲ. ಆದರೆ ಆಮೆ, ಮೀನುಗಳು ಎಲ್ಲ ಊರಿನ ಅಂಗಡಿಗಳಲ್ಲಿವೆ. ನಿಮ್ಮಲ್ಲಿ ಅನೇಕರು ಹೈದರಾಬಾದ್, ಬೆಂಗಳೂರು, ಪುಣೆಗಳಲ್ಲಿದ್ದೀರಿ. ಮಕ್ಕಳು ಹಟ ಮಾಡುತ್ತಾರೆ. ಕೊಳ್ಳುವ ಮುನ್ನ ಅದು ಎಷ್ಟು ದೊಡ್ಡದಾಗುತ್ತದೆ, ಎಷ್ಟು ವರ್ಷ ಬದುಕುತ್ತದೆ ಎಂದು ವಿಚಾರಿಸಿರಿ. ಕೊಂಡಿದ್ದರೆ ಕೊನೆಯವರೆಗೆ ಸಾಕಿರಿ. ಆಗದಿದ್ದರೆ ಅರಣ್ಯ ಇಲಾಖೆಯವರನ್ನೋ ಪಶುವೈದ್ಯರನ್ನೋ ಕೇಳಿರಿ. ಕಾಗಿಣಾಕ್ಕೆ, ಮುಲ್ಲಾಮಾರಿಗೆ, ಗಣಿಯ ಹೊಂಡಕ್ಕೆ ಮಾತ್ರ ಬಿಡಬೇಡಿರಿ.

ಅಂದು ಪ್ರಶ್ನೆ ಕೇಳಿದ ಆ ಕೂಸು ಈಗ ಕಾಲೇಜು ಓದುತ್ತಿದ್ದಾಳೆ, ಇದನ್ನು ಓದುತ್ತಾಳೆಂದು ಬಲ್ಲೆ. ಅವ್ವಾ, ಅಂದು ನಾನು ಹೇಳಿದ ಉತ್ತರ ತಪ್ಪು. ಅದು ಅವುಗಳ ಮನೆ ಆಗಿರಲಿಲ್ಲ. ಸರಿಯಾದ ಉತ್ತರವನ್ನು ನಮ್ಮ ಆಯಿ ಹುತ್ತದ ಮುಂದೆ ನಿಂತು ಎಂದೋ ಹೇಳಿದ್ದಳು.