ಒಗೆಯುವ ಕಲ್ಲು ಮತ್ತು ವಾಷಿಂಗ್ ಮೆಷಿನ್

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಿತ್ತಿಲುಗಳಲ್ಲಿ ಕಾಣುವ ಒಗೆಯುವ ಕಲ್ಲು ಸಾಮಾನ್ಯವಾಗಿ ಇಲ್ಲಿನದೇ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಶಿಲೆಗೆ ಭೂವಿಜ್ಞಾನಿಗಳು ರಾಮನಗರದ ಹಿಂದಿನ ಹೆಸರಿನಿಂದಲೇ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಹೆಸರಿಟ್ಟಿದ್ದಾರೆ.

ಕಲ್ಲಿನ ಮೇಲೆ ಎತ್ತಿ ಬಡಿಯುವ ಕ್ರಮಕ್ಕೆ ಅತ್ಯಂತ ಸಮೀಪವಾದುದು ಮುಂಬಾಗಿಲಿನ ಯಂತ್ರ: ಅಡ್ಡವಾಗಿ ತಿರುಗುವ ಅದರ ಡ್ರಮ್ಮು ಬಟ್ಟೆಯನ್ನು ಮೇಲಕ್ಕೊಯ್ದು ಕೆಳಕ್ಕೆ ಕೆಡವುವುದರಿಂದ ಕಡಿಮೆ ನೀರು ಸಾಕಾಗುತ್ತದೆ. ಮೇಲಿನಿಂದ ಬಟ್ಟೆ ತುಂಬುವ ಯಂತ್ರದಲ್ಲಿ ತಳದ ಪಲ್ಸೇಟರ್, ಅಂದರೆ ರೆಕ್ಕೆಗಳಿರುವ ಬಿಲ್ಲೆ, ನೀರನ್ನೇ ಸುಳಿಯಾಗಿ ಕಡೆಯುತ್ತದೆ. ಸೆಮಿ ಆಟೋಮ್ಯಾಟಿಕ್ ಯಂತ್ರದಲ್ಲಿ ಒಗೆಯಲು ಒಂದು, ಹಿಂಡಲು ಇನ್ನೊಂದು ತೊಟ್ಟಿಯಿದ್ದು, ನಡುವಿನ ಸಾಗಣೆ ಕೈಯ ಕೆಲಸವಾಗಿಯೇ ಉಳಿದಿದೆ. ನಲ್ಲಿಯಲ್ಲಿ ನೀರು ಬಾರದ ದಿನ ಬಕೆಟ್ಟಿನಿಂದ ತುಂಬಬಹುದಾದ ಅನುಕೂಲ ಸಣ್ಣದಲ್ಲ.

ಕೊಳವೆಬಾವಿಯ ಗಡಸು ನೀರಿನಲ್ಲಿ, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರಿನಲ್ಲಿ, ಸೋಪು ನೊರೆಗಟ್ಟದು. ಯಂತ್ರದ ಹೀಟರಿನ ಮೇಲೂ ನೀರು ಒಳಬರುವ ಪೈಪಿನ ಬಾಯಿಯ ಜಾಲರಿಯ ಮೇಲೂ ಬಿಳಿಯ ಪೊರೆ ಕಟ್ಟುತ್ತದೆ. ನೀರು ನಿಧಾನವಾಗಿ ತುಂಬುತ್ತಿದ್ದರೆ ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ಜಾಲರಿಯನ್ನು ನಿಂಬೆರಸದಲ್ಲಿ ನೆನೆಸಿ ಉಜ್ಜಬೇಕು. ನೀರು ಹೊರಹೋಗದಿದ್ದರೆ ಡ್ರೈನ್ ಪಂಪಿನ ಫಿಲ್ಟರಿನಲ್ಲಿ ಗುಂಡಿಯೋ ನಾಣ್ಯವೋ ಸಿಕ್ಕಿರುವುದುಂಟು. ಹಿಂಡುವಾಗ ಯಂತ್ರ ಕುಣಿದರೆ ಬಟ್ಟೆಯನ್ನು ಸಮನಾಗಿ ಹರಡಿ, ಕಾಲುಗಳ ಮಟ್ಟ ಸರಿಪಡಿಸಬೇಕು. ಮೋಟಾರು ಗುಂಯ್‌ಗುಟ್ಟಿಯೂ ಡ್ರಮ್ಮು ತಿರುಗದಿದ್ದರೆ ಬೆಲ್ಟು ಜಾರಿರಬಹುದು ಅಥವಾ ಕೆಪಾಸಿಟರ್ ಕೆಟ್ಟಿರಬಹುದು; ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುವುದರಿಂದ ಆ ಕೆಲಸ ಮೆಕ್ಯಾನಿಕ್ಕಿನದು.