ಐವತ್ತು ರೂಪಾಯಿ ಪೋಟಗಿಯಿಂದ ಪಗಾರ ಜಪ್ತಿಯವರೆಗೆ

ಬ್ರಿಟಿಷರ ಕಾಲದಲ್ಲಿ ಹಿರೇಕೆರೂರು ಸೀಮೆಗೆ ಕೋಡ ತಾಲ್ಲೂಕು ಎಂದು ಹೆಸರು. ಕಚೇರಿ ಮಾತ್ರ ಹಿರೇಕೆರೂರಿನಲ್ಲೇ. ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ಈ ನಾಡಿನಲ್ಲಿ ಜೀವನಾಂಶಕ್ಕೆ ಪೋಟಗಿ ಎಂದೇ ರೂಢಿ. ಹಲವು ಜಾತಿಗಳಲ್ಲಿ ಪಂಚರ ಮುಂದೆ ಸೋಡಚೀಟಿ ಕೊಟ್ಟರೆ ಸಂಬಂಧ ಹರಿಯುತ್ತಿತ್ತು, ಹೆಂಗಸು ಉಡಿಕೆ, ಅಂದರೆ ಮರುಮದುವೆ, ಆಗಬಹುದಿತ್ತು. ಆದರೆ ಮಕ್ಕಳ ಅನ್ನ-ಬಟ್ಟೆಯ ಬಗ್ಗೆ ಪಂಚರು ಏನೇ ಹೇಳಲಿ, ಆ ಮಾತಿಗೆ ಜಪ್ತಿಯ ಬಲ ಇರಲಿಲ್ಲ.

ಆ ಬಲ ಇದ್ದದ್ದು ಸರ್ಕಾರದ ಮ್ಯಾಜಿಸ್ಟ್ರೇಟರಿಗೆ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನಂತೆ ಆರಂಭದಲ್ಲಿ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಕೊಡಿಸಬಹುದಿತ್ತು. 1973ರ ಹೊಸ ಸಂಹಿತೆಯ 125ನೇ ಕಲಮಿನಲ್ಲಿ ಮಿತಿ 500 ರೂಪಾಯಿ. ಬೆಲೆಗಳು ಎಲ್ಲಿಗೋ ಹೋದರೂ ಈ ಐನೂರು ಕದಲಲಿಲ್ಲ. ಮಿತಿಯನ್ನು ತೆಗೆದುಹಾಕಿದ್ದು 2001ರಲ್ಲಿ. ಅಷ್ಟು ವರ್ಷ ಕಾನೂನು ಕೊಡುವವನ ಜೇಬನ್ನು ಕಾಯ್ದಷ್ಟು ಮಕ್ಕಳ ಹೊಟ್ಟೆಯನ್ನು ಕಾಯಲಿಲ್ಲ ಎನ್ನಬೇಕು.

ಮಿತಿ ಹೋದ ಮೇಲೆ ಪ್ರಶ್ನೆ ಆದಾಯದ್ದು. ಗೋವಿನಜೋಳ, ಹತ್ತಿ ಬೆಳೆಯುವವನ ಆದಾಯವನ್ನು ಕೋರ್ಟಿಗೆ ತೋರಿಸಿಕೊಡುವುದು ಕಷ್ಟದ ಕೆಲಸ. ಶಾಲೆ ಮಾಸ್ತರರದು, ಬಸ್ ಕಂಡಕ್ಟರರದು ಹಾಗಲ್ಲ. ಪಗಾರ ಚೀಟಿಯೇ ಸಾಕ್ಷಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 48ನೇ ನಿಯಮದಂತೆ ಕೋರ್ಟಿನ ಆದೇಶ ಬಟವಾಡೆ ಅಧಿಕಾರಿಗೆ ಹೋಗುತ್ತದೆ, ಹಣ ಕೈಗೆ ಬರುವ ಮೊದಲೇ ಮುರಿದುಕೊಳ್ಳಲಾಗುತ್ತದೆ. ಖಾಸಗಿ ನೌಕರರಿಗೂ ಇದನ್ನು ಹಚ್ಚಿದ್ದು 1976ರ ತಿದ್ದುಪಡಿ.

ಎಷ್ಟು ಮುರಿಯಬಹುದು? ಜಪ್ತಿಗೆ ಒಳಪಡುವ ಪಗಾರ 30,000 ರೂಪಾಯಿ ಅನ್ನೋಣ. ಸಾದಾ ಸಾಲದ ಡಿಕ್ರಿಯಾದರೆ ಮೊದಲ 1,000 ಬಿಟ್ಟು ಉಳಿದುದರ ಮೂರನೇ ಒಂದು ಪಾಲು, ಅಂದರೆ 9,666. ಜೀವನಾಂಶದ ಡಿಕ್ರಿಯಾದರೆ ರಕ್ಷಣೆ ಇರುವುದೇ ಮೂರನೇ ಒಂದು ಪಾಲಿಗೆ. 20,000 ರೂಪಾಯಿವರೆಗೆ ಹೋಗಬಹುದು. ಇದು ಗರಿಷ್ಠ ಮಿತಿ, ನಿಗದಿಯ ಲೆಕ್ಕವಲ್ಲ. ಕೋರ್ಟುಗಳು ಆಗಾಗ ಹಿಡಿಯುವ ಅಂದಾಜು ನಿವ್ವಳ ಪಗಾರದ ಕಾಲು ಭಾಗ. 2017ರಲ್ಲಿ ಕಲ್ಯಾಣ್ ಡೇ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಯ ಪಾಲಿಗೆ ಅದನ್ನೇ ಯೋಗ್ಯವೆಂದಿತು.

ಸಂಕಟ ಹುಟ್ಟುವುದು ನಿವ್ವಳ ಯಾವುದು ಎಂಬಲ್ಲಿ. ಪತ್ತಿನ ಸೊಸೈಟಿಯ ಕಂತು, ಬೈಕಿನ ಸಾಲ ಕಳೆದ ಮೇಲೆ ಏನೂ ಉಳಿಯುವುದಿಲ್ಲ ಎಂದು ಅಂಗಲಾಚುವವರಿದ್ದಾರೆ. ಕಡ್ಡಾಯ ಭವಿಷ್ಯನಿಧಿ, ಆದಾಯ ತೆರಿಗೆಗಳನ್ನು ಕಳೆಯಬಹುದು, ಮನೆ ಬಾಡಿಗೆ, ಕರೆಂಟು ಬಿಲ್ಲು ಸಲ್ಲದು ಎಂಬ ನಿಲುವು 1970ರ ಕುಲಭೂಷಣ ಕುಮಾರ್ ತೀರ್ಪಿನಷ್ಟು ಹಳೆಯದು. ಸುಪ್ರೀಂ ಕೋರ್ಟಿನ 2020ರ ರಜನೇಶ್ ಪ್ರಕರಣದ ನಂತರ ಗಂಡ-ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಹಾಕಬೇಕು. ಜೀವನಾಂಶ ಅರ್ಜಿ ಕೊಟ್ಟ ದಿನದಿಂದಲೇ ಲೆಕ್ಕ. ಕೇಸು ಎಳೆದಷ್ಟೂ ಬಾಕಿ ಬೆಳೆಯುವುದರಿಂದ, ಮೊದಲ ತಿಂಗಳಿಂದಲೇ ಒಂದಿಷ್ಟು ತೆಗೆದಿಡುವವನು ಒಮ್ಮೆಲೇ ಬೀಳುವ ಏಟಿನಿಂದ ಪಾರಾಗುತ್ತಾನೆ.

ಪಗಾರ ಇಳಿದರೆ, ನೌಕರಿ ಹೋದರೆ ಮೊತ್ತ ಬದಲಿಸಲು ಅರ್ಜಿ ಹಾಕಬಹುದು. ಹಿಂದೆ ಅದು 127ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146. ಸುಮ್ಮನೆ ಕೊಡುವುದನ್ನು ನಿಲ್ಲಿಸಿದರೆ ಒಂದೊಂದು ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಜೈಲು. ಒಳಗೆ ಹೋಗಿ ಬಂದರೂ ಬಾಕಿ ಹಾಗೇ ಇರುತ್ತದೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅತ್ತ ತಾಯಿಗೂ ಗಡುವಿದೆ: ಬಾಕಿ ಬಿದ್ದ ಒಂದು ವರ್ಷದೊಳಗೆ ವಾರಂಟಿಗೆ ಅರ್ಜಿ ಕೊಡಬೇಕು.