ವಿಷದ ಕಾಳಿನಿಂದ ಕಣ್ಣಿನ ಹನಿವರೆಗೆ

ಅಪ್ಪನ ಗ್ಲಾಕೋಮಾ ಹನಿ ಖರೀದಿಸುವಾಗೆಲ್ಲ ನನಗೆ ಅದರ ಇತಿಹಾಸದ ಕುತೂಹಲ.

1857ರಲ್ಲಿ ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರಾಫೆ, ದಿಢೀರನೆ ಏರುವ ಬಗೆಯ ಗ್ಲಾಕೋಮಾದಲ್ಲಿ ಪಾಪೆಯ ಸುತ್ತಲಿನ ಬಣ್ಣದ ಭಾಗದಿಂದ ಸಣ್ಣ ಚೂರು ಕತ್ತರಿಸಿದರೆ ಕಣ್ಣೊಳಗಿನ ಒತ್ತಡ ಇಳಿಯುತ್ತದೆ ಎಂದು ತೋರಿಸಿದ.

ಹನಿಯ ಕತೆ ಇನ್ನೂ ವಿಚಿತ್ರ. ಈಗಿನ ನೈಜೀರಿಯಾದ ಕಲಬಾರ್ ಕಡೆ ಆರೋಪ ಹೊತ್ತವರಿಗೆ ಒಂದು ವಿಷದ ಕಾಳು ತಿನ್ನಿಸುತ್ತಿದ್ದರು. ಬದುಕಿದರೆ ನಿರಪರಾಧಿ! ಅದೇ ಕಾಳಿನ ಸಾರವನ್ನು 1876ರಲ್ಲಿ ಲುಡ್ವಿಗ್ ಲಾಕ್ವೇರ್ ಎಂಬ ಡಾಕ್ಟರು ಗ್ಲಾಕೋಮಾಗೆ ಬಳಸಿದ. ಅವನಿಗೂ ಅದೇ ಕಾಯಿಲೆಯಿತ್ತು.

1909ರಲ್ಲಿ ನಮ್ಮ ಪಕ್ಕದ ಮದ್ರಾಸಿನಲ್ಲಿ ರಾಬರ್ಟ್ ಎಲಿಯಟ್ ಕಣ್ಣಿನ ಗೋಡೆಗೆ ಪುಟ್ಟ ತೂತು ಕೊರೆದು, ಒಳಗಿನ ನೀರು ಹೊರಬರಲು ದಾರಿ ಮಾಡಿದ. 1968ರಲ್ಲಿ ಕೇರ್ನ್ಸ್ ವಿವರಿಸಿದ ಟ್ರಾಬೆಕ್ಯುಲೆಕ್ಟಮಿ ಇವತ್ತಿಗೂ ನಡೆಯುತ್ತಿದೆ. ಅಮೆರಿಕದಲ್ಲಿ 1978ರಲ್ಲಿ ಟಿಮೋಲಾಲ್, 1996ರಲ್ಲಿ ಲಟಾನೋಪ್ರಾಸ್ಟ್ ಹನಿಗಳಿಗೆ ಒಪ್ಪಿಗೆ ಸಿಕ್ಕಿತು. ಈಗ ಲೇಸರೂ ಇದೆ.

ದಾರಿ ಹಲವು, ಕೆಲಸ ಒಂದೇ: ಒತ್ತಡ ಇಳಿಸೋದು. ಸತ್ತ ನರವನ್ನು ಬದುಕಿಸುವ ಮದ್ದು ಇನ್ನೂ ಬಂದಿಲ್ಲ.

"ಹನಿ ಹಾಕಿದ್ರೂ ಒಂಚೂರೂ ಜಾಸ್ತಿ ಕಾಣಲ್ವಲ್ಲೋ, ದುಡ್ಡು ದಂಡ" ಅಂತಾರೆ ಅಪ್ಪ.

"ಹೊಲಕ್ಕೆ ಬದು ಹಾಕೋದು ಯಾಕಪ್ಪಾ? ಕೊಚ್ಚಿಹೋದ ಮಣ್ಣು ವಾಪಸ್ ಬರಲಿ ಅಂತಾನಾ? ಇರೋದು ಉಳೀಲಿ ಅಂತ" ಅಂದೆ. ಆಮೇಲೆ ಅವರು ಹನಿ ತಪ್ಪಿಸಿಲ್ಲ.

ಇದು ವಂಶದಲ್ಲಿ ಬರಬಹುದಾದ ಕಾಯಿಲೆ. ಶುರುವಿನಲ್ಲಿ ನೋವಿಲ್ಲ, ಸುಳಿವೂ ಕೊಡಲ್ಲ. ಹಾಗಾಗಿ ನಾನೂ ಕಣ್ಣಿನ ಒತ್ತಡ, ನರ ಎರಡನ್ನೂ ಪರೀಕ್ಷೆ ಮಾಡಿಸ್ಕೊಂಡೆ. ನಿಮ್ಮನೇಲಿ ಯಾರಿಗಾದ್ರೂ ಇದ್ರೆ, ನೀವೂ ಮಾಡಿಸ್ಕೊಳ್ಳಿ.